ಎರಡು ಪತ್ರಿಕೆ, ಒಂದೇ ಗಂಟು

"ಸಾರ್, ಈ ಟಿಕ್ ನಾನು ಹಾಕಿದ್ದಲ್ಲ."

ಚೇತನಾ ಉತ್ತರಪತ್ರಿಕೆ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದಳು. ಅದು 2004ರ ಫೆಬ್ರವರಿ. ಕೊಪ್ಪದ ಕಡೆಯ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ವ್ಯಾಕರಣದ ಹಾಳೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ಆರು. ಇವಳಿಗೆ ಆರೇ? ನೋಬಡಿ ಬಂದರೆ ಕ್ರಿಯಾಪದ ಏಕವಚನ, ನೈದರ್–ನಾರ್ ಬಂದರೆ ಹತ್ತಿರದ ಕರ್ತೃವಿಗೆ ಹೊಂದಬೇಕು— ಇದನ್ನು ಕ್ಲಾಸಿಗೆಲ್ಲ ಬಿಡಿಸಿ ಹೇಳಿಕೊಟ್ಟವಳೇ ಅವಳು. "ಹತ್ರ ಇರೋರ ಮಾತು ಕೇಳ್ತದೆ, ಅಷ್ಟೆ ಕಣ್ರೇ" ಎಂದಿದ್ದಳು.

ಇಪ್ಪತ್ತಕ್ಕೆ ಇಪ್ಪತ್ತು ಬಂದದ್ದು ಕಾಫಿ ತೋಟದ ಯಶವಂತಗೌಡರ ಮಗಳು ನಿಶ್ಚಿತಾಳಿಗೆ. ಈ ಪರೀಕ್ಷೆಯಲ್ಲಿ ಮೊದಲು ಬಂದ ಒಬ್ಬರಿಗೆ ಶೃಂಗೇರಿಯಲ್ಲಿ ಪಿಯುಸಿ ಸೀಟು, ಊಟ–ವಸತಿ ಸಮೇತ. ದುಡ್ಡು ಕೊಟ್ಟರೂ ಸಿಗದ ಸೀಟು. ಅದು ತಪ್ಪಿದರೆ ಚೇತನಾಳ ಓದು ಅಲ್ಲಿಗೇ ಮುಗಿಯಿತು.

ಡ್ರಿಲ್ ಮೇಷ್ಟ್ರು ಮರುಳಸಿದ್ದಪ್ಪನವರನ್ನು ಕರೆದೆ. ಹಿಂದೆ ಪೊಲೀಸಿನಲ್ಲಿದ್ದವರು.

"ಹಾಳೆ ಮೇಲೆ ಹೆಸರು ಬರೆಸಿಲ್ವೇನ್ರಿ ಮಾರಾಯ್ರೆ?"

"ಹೆಸರಿರೋ ಉತ್ತರಪತ್ರಿಕೆ ಹಿಂದೆ ದಾರದಲ್ಲಿ ಕಟ್ಟಿಸಿದ್ದೆ. ಬರೀ ಟಿಕ್ ಹಾಕೋದು."

"ಅಂದ್ರೆ ಕೈಬರಹವೂ ಇಲ್ಲ. ಎಲ್ಲಿಟ್ಟಿದ್ರಿ?"

"ಇದೇ ಸ್ಟಾಫ್ ರೂಮಲ್ಲಿ."

"ಯಾರ್ಯಾರು ಬಂದಿದ್ರು?"

"ಸೀಮೆಸುಣ್ಣಕ್ಕೆ ನಿಶ್ಚಿತಾ. ಗುಡಿಸೋಕೆ ಪುಟ್ಟಕ್ಕ. ಪುಟ್ಟಕ್ಕನ್ನ ಬಿಡಿ, ಚೇತನಾಳ ತಾಯಿ."

ಅವರು ಉತ್ತರಗಳ ಕಡೆ ಕಣ್ಣೇ ಹಾಯಿಸಲಿಲ್ಲ. ನಲವತ್ತು ಪತ್ರಿಕೆಗಳ ದಾರವನ್ನು ಒಂದೊಂದಾಗಿ ನೋಡಿದರು.

"ಮೂವತ್ತೆಂಟು ಮಕ್ಕಳ ಗಂಟು, ಜಡೆಗೆ ರಿಬ್ಬನ್ ಕಟ್ಟಿದ ಹಾಗೆ. ಈ ಇಬ್ಬರದ್ದು ಮಾತ್ರ ಬೇರೆ— ಎರಡು ಸುತ್ತು, ತುದಿ ಒಳಗೆ ಸಿಕ್ಕಿಸಿದೆ. ಮೆಣಸಿನ ಬಳ್ಳೀನ ಮರಕ್ಕೆ ಕಟ್ಟೋದು ಹೀಗೆ. ಎರಡನ್ನೂ ಬಿಚ್ಚಿ, ಹಾಳೆ ಅದಲುಬದಲು ಮಾಡಿ, ಒಂದೇ ಕೈ ಕಟ್ಟಿದೆ. ಗೌಡ್ರ ತೋಟದಲ್ಲಿ ಬಳ್ಳಿ ಕಟ್ಟೋ ಕೈ ಈ ರೂಮಿಗೆ ಬರೋದು ಒಂದೇ." ಬಾಗಿಲ ಕಡೆ ತಿರುಗಿದರು. "ಅಲ್ವಾ ಪುಟ್ಟಕ್ಕ?"

ಪೊರಕೆ ಹಿಡಿದು ನಿಂತಿದ್ದ ಪುಟ್ಟಕ್ಕ ತಲೆ ಎತ್ತಲಿಲ್ಲ.

"ನಂಗೆ ಮಗಳ ಹೆಸರೊಂದು ಗುರ್ತು ಸಿಗ್ತದೆ ಅಯ್ಯ. ಇನ್ನೊಂದ್ನ ಗೌಡ್ರು ಚೀಟೀಲಿ ಬರ್ಕೊಟ್ರು. ಆಗಲ್ಲ ಅಂದ್ರೆ ತೋಟದ ಲೈನ್ ಮನೆ ಬಿಡು ಅಂದ್ರು. ಎಲ್ಲಿಗೆ ಹೋಗದು?"

ಚೇತನಾ ತಾಯಿಯನ್ನೇ ನೋಡುತ್ತಿದ್ದಳು. ಜಗಲಿಯಲ್ಲಿ ಹೆಡ್‌ಮೇಷ್ಟ್ರ ಚಪ್ಪಲಿ ಸದ್ದು ಕೇಳಿತು. ಅವಳು ಎರಡೂ ದಾರದ ತುದಿ ಎಳೆದಳು. ಗಂಟು ಸಲೀಸಾಗಿ ಬಿಚ್ಚಿಕೊಂಡಿತು. ಹಾಳೆಗಳನ್ನು ಅದಲುಬದಲಾಗಿ ಇದ್ದಂತೆಯೇ ಇಟ್ಟು, ರಿಬ್ಬನ್ ಗಂಟು ಹಾಕಿದಳು.

"ಎಂತ ಗಲಾಟೆ? ಯಾರದ್ದು ತಪ್ಪು?" ಎಂದರು ಹೆಡ್‌ಮೇಷ್ಟ್ರು.

"ಯಾರದ್ದೂ ಅಲ್ಲ ಸಾರ್" ಎಂದಳು ಚೇತನಾ. "ನೈದರ್–ನಾರ್ ನಂಗೇ ತಪ್ಪಿದ್ದು."

ಪುಟ್ಟಕ್ಕ ಗುಡಿಸತೊಡಗಿದಳು. ನಾವಿಬ್ಬರು ಮೇಷ್ಟ್ರುಗಳು ಕಾಲೆತ್ತಿ ಜಾಗ ಬಿಟ್ಟೆವು.