ಕೂತು ಮಲಗುವವಳು

ಅವನು ಮನಸ್ಸಿನ ಮಾತು ಹೇಳಿ ಮುಗಿಸುವಷ್ಟರಲ್ಲಿ ಅವಳ ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು.

ಹಾಸಿಗೆ ಅಂಗಡಿಯ ಹಿಂಬದಿಯ ಕೋಣೆ. ಅವನು ಫೋಮ್ ಕತ್ತರಿಸುವವನು, ಅವಳು ಕವರ್ ಹೊಲಿಯುವವಳು. ಸಂಜೆಯಾದರೆ ಅವಳ ರೆಪ್ಪೆ ಇಳಿಯುತ್ತಿತ್ತು, ಮಾತು ಮೂಗಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂಗಡಿಯವರ ಬಾಯಲ್ಲಿ ಅವಳು 'ತೂಕಡಿಕೆ'. ಆ ಹೆಸರಿಟ್ಟವನು ಅವನೇ. ಕಾಯಿಲೆಯವಳು ಅನ್ನಿಸಿಕೊಳ್ಳುವುದಕ್ಕಿಂತ ಇದೇ ವಾಸಿಯೆಂದು ಅವಳು ಸುಮ್ಮನಿದ್ದಳು.

"ಕೇಳಿಸ್ತಾ, ಇಲ್ಲ ನಿದ್ದೆನಾ?" ಅವನ ದನಿಯಲ್ಲಿ ನೋವಿತ್ತು.

"ಕೇಳಿಸ್ತು," ಅಂದಳು. "ನಂಗೆ ರಾತ್ರಿ ನಿದ್ದೆ ಬರಲ್ಲ, ಅದಕ್ಕೇ."

ಅವನ ಮುಖ ಅರಳಿತು. ಲೋಕದ ಕಷ್ಟವೆಲ್ಲ ಕೆಟ್ಟ ಹಾಸಿಗೆಯಿಂದಲೇ ಎಂದು ನಂಬಿದವನು ಅವನು.

ಕೆಲವೇ ದಿನಕ್ಕೆ ಅವಳಿದ್ದ ಅಕ್ಕನ ಮನೆಗೆ ಅವನು ಕಳಿಸಿದ ಹೊಸ ಹಾಸಿಗೆ ಬಂತು. ಬೆಣ್ಣೆಯಂಥ ಫೋಮ್. ಮೇಲಿನ ತಿಳಿ ಹಸಿರು ಕವರ್ ಅವಳದೇ ಹೊಲಿಗೆ. ಯಾವ ಮದುಮಗಳಿಗೋ ಎಂದು ಹೊಟ್ಟೆಕಿಚ್ಚು ಪಟ್ಟುಕೊಂಡೇ ಹೊಲಿದಿದ್ದಳು.

ಅವನ ಮೇಲಿನ ಆಸೆಗೆ ಆ ರಾತ್ರಿ ಅದರ ಮೇಲೆ ಅಂಗಾತ ಮಲಗಿದಳು. ಸಂಜೆ ನುಂಗಿದ್ದ ಮಾತ್ರೆಯ ಬಲ ಇಳಿಯುತ್ತಿದ್ದಂತೆ ಎದೆಯ ಮೇಲೆ ಯಾರೋ ಕೂತಂತಾಯಿತು. ಮಗ್ಗುಲಾಗಲು ಹೋದರೆ ಮೈ ಇನ್ನಷ್ಟು ಹೂತುಹೋಯಿತು, ತೋಳು ಏಳಲಿಲ್ಲ. ಅಕ್ಕ ಓಡಿಬಂದು ಎಬ್ಬಿಸಿ, ಅವಳು ದಿನಾ ಕೂತೇ ನಿದ್ದೆ ಮಾಡುವ ಹಳೆಯ ಕುರ್ಚಿಯಲ್ಲಿ ಕೂರಿಸಿದಳು. ಉಸಿರು ಹದಕ್ಕೆ ಬರುವ ತನಕ ಬೆನ್ನು ಸವರಿದಳು.

"ಹೇಳಿಬಿಡೇ ಅವನಿಗೆ. ಏನು, ಈ ಕುರ್ಚಿ ಜೊತೆಗೇ ಸಂಸಾರ ಮಾಡ್ತೀಯಾ?"

"ಹೇಳಿದ್ರೆ ಓಡಿಹೋಗ್ತಾನೆ ಅಕ್ಕಾ."

"ಓಡೋನಾದ್ರೆ ಈಗಲೇ ಓಡ್ಲಿ."

ಬೆಳಿಗ್ಗೆ ಎರಡೂ ಕಣ್ಣು ಪೂರ್ತಿ ತೆರೆದಿರುತ್ತವೆ, ಮಾತೂ ಸ್ಪಷ್ಟ. ಆ ಹೊತ್ತನ್ನೇ ಆರಿಸಿಕೊಂಡು ಅಂಗಡಿಗೆ ಹೋದಳು. ನಿದ್ದೆ ಬಂತಾ ಎಂದು ಅವನು ಕಣ್ಣಲ್ಲೇ ಕೇಳಿದ. ಅವಳು ಎಲ್ಲ ಹೇಳಿದಳು. ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಕೆಲಸ ಮಾಡಿದಷ್ಟೂ ಸ್ನಾಯು ಸೋಲುತ್ತದೆ, ಸುಧಾರಿಸಿಕೊಂಡರೆ ಮತ್ತೆ ಬಲ ಬರುತ್ತದೆ. ಅಂಗಾತ ಮಲಗಿದರೆ ಉಸಿರು ಸಾಲದೆ ಬೆಚ್ಚಿ ಏಳುತ್ತಾಳೆ. ನಿದ್ದೆಯಲ್ಲಿ ಉಸಿರು ಹೇಗಿರುತ್ತದೆಂದು ಪರೀಕ್ಷೆ ಮಾಡಬೇಕೆಂದು ಡಾಕ್ಟರು ಹೇಳಿದ್ದಾರೆ, ಅವಳು ಮುಂದೂಡುತ್ತಲೇ ಬಂದಿದ್ದಾಳೆ.

"ನಾನು ಪಕ್ಕದಲ್ಲಿ ಮಲಗೋಳಲ್ಲ," ಅಂದಳು. "ಕೂತಿರೋಳು. ಯೋಚನೆ ಮಾಡಿ."

ಅವನು ಬೆನ್ನು ತಿರುಗಿಸಿ ಫೋಮ್ ರಾಶಿಯ ಕಡೆ ನಡೆದ.

ಮುಗಿಯಿತು ಅಂದುಕೊಂಡಳು. ಮೆಷಿನ್ ಮುಂದೆ ಕೂತರೆ ದಾರ ಸೂಜಿಯೊಳಗೆ ಹೋಗಲೊಲ್ಲದು. ಆಚೆ ಕತ್ತಿಯ ಸದ್ದು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಎದ್ದು ಹೋಗಲೇ ಎಂದು ಕಾಲು ತವಕಿಸಿತು.

ಅವನು ಗಟ್ಟಿ ಫೋಮಿನ ದೊಡ್ಡ ತುಂಡೊಂದನ್ನು ಎಳೆದು ತಂದ. ತಲೆಯ ಕಡೆ ಎತ್ತರ, ಕಾಲಿನ ಕಡೆಗೆ ಇಳಿಜಾರು. ಮುಖ ಕೆಂಪಗಿತ್ತು.

"ಮೊದಲೇ ಹೇಳೋಕೇನಾಗಿತ್ತು? ನನ್ನ ಹಾಸಿಗೇಲಿ ನಿಂಗೇನಾದ್ರೂ ಆಗಿದ್ರೆ?" ದನಿ ಒಡೆಯಿತು. "ಆ ಹೆಸರು ಬೇರೆ ಇಟ್ಟೆ ನಾನು."

ಅವನು ತುಂಡನ್ನು ನೆಲಕ್ಕೆ ಹಾಸಿದ.

"ಒರಗಿ ತೋರಿಸು. ಉಸಿರಿಗೆ ಯಾವ ಎತ್ತರ ಸಲೀಸು?"

ಒರಗಿದಳು. ಎತ್ತರ ಸ್ವಲ್ಪ ಸಾಲದು ಎಂದಳು. ಅವನು ಕೆಳಗೊಂದು ಹಲಗೆ ಕೊಟ್ಟ. ಎದೆ ಹಗುರಾಯಿತು. ಆಗ ಅವಳ ಕೈ ಅಂಚನ್ನು ಹುಡುಕಿತು, ಅಂಚು ಸಿಗಲಿಲ್ಲ.

"ಇಷ್ಟೊಂದು ಅಗಲ ಯಾಕೆ?"

"ನಾನೂ ಒರಗಬೇಕಲ್ಲ."

"ಗಳಿಗೆಗೊಂದು ಸಲ ಏಳ್ತೀನಿ. ನಿಮ್ಮ ನಿದ್ದೆ ಹಾಳು."

"ಹಾಳಾಗ್ಲಿ. ಮೊದಲು ಆ ಪರೀಕ್ಷೆಗೆ ಹೋಗೋಣ, ನಾನೂ ಬರ್ತೀನಿ." ಪಕ್ಕದಲ್ಲಿ ಕೂತು, ಕತ್ತಿ ಹಿಡಿದು ಗಡುಸಾದ ಬೆರಳನ್ನು ಅವಳ ಬೆರಳಿಗೆ ತಾಗಿಸಿದ. "ಮೊನ್ನೆ ಸಂಜೆ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ಲಾ?"

ಬೆಳಗಿನ ಹೊತ್ತು, ರೆಪ್ಪೆಗಳಲ್ಲಿ ಬಲವಿತ್ತು. ಅವಳೇ ಕಣ್ಣು ಮುಚ್ಚಿದಳು.

"ಹೇಳಿ," ಅಂದಳು. "ಎಚ್ಚರವಾಗೇ ಇದ್ದೀನಿ."