ಸುರುಳಿ ಹಾದಿಯಲ್ಲಿ ಅಣ್ಣನ ಕೂಗು

ಈ ಕತೆಯ ಒಂದೊಂದು ಮಾತೂ ಸತ್ಯ. ನನ್ನಾಣೆಗೂ ಸತ್ಯ. ನನ್ನಷ್ಟು ನಂಬಿಕಸ್ಥ ಚಿಕ್ಕಪ್ಪ ಮೂರು ಲೋಕ ಹುಡುಕಿದರೂ ಸಿಗಲಾರ, ಗೊತ್ತಿರಲಿ.

ಬಹಳ ಬಹಳ ಹಿಂದೆ, ತಾಮ್ರಗಿರಿ ಎಂಬ ರಾಜ್ಯದಲ್ಲಿ ತಾಮ್ರದಿಂದ ತಂತಿಯಂಥ ಕಂಬಿ ಎಳೆಯುವ ಕೆಂಚ, ಅವನ ತಂಗಿ ಸಿಂಗಾರಿ ಇದ್ದರು. ಗುಡುಗುಮೂಗ ಎಂಬ ಮಾಂತ್ರಿಕನ ಮೂಗು ನೋಡಿ ಸಿಂಗಾರಿ ಒಮ್ಮೆ ನಕ್ಕುಬಿಟ್ಟಳು. ಅವನು ಅವಳನ್ನು ಹೊತ್ತೊಯ್ದು ನಿದ್ದೆಕೆರೆಯ ಆಚೆ ದಡದಲ್ಲಿ ಮಲಗಿಸಿ, ಕೆಂಚನಿಗೆ ಸಾರಿದ:

"ಹೊತ್ತು ಮುಳುಗುವುದರೊಳಗೆ ಅಣ್ಣನ ಕೂಗಿಗೆ ಎದ್ದರೆ ಸರಿ. ಇಲ್ಲವಾದರೆ ಕಲ್ಲಾಗುತ್ತಾಳೆ!"

ಆ ಕೆರೆ ದಾಟಲು ಹೋದವರೆಲ್ಲ ಅರ್ಧದಲ್ಲೇ ನಿದ್ದೆಹೋಗುತ್ತಿದ್ದರು. ಕೆಂಚ ಕೆರೆಯ ಮೇಲೆ ತಾಮ್ರದ ಕಂಬಿ ಹಾಯಿಸಿದ. ಕೊಕ್ಕರೆಗಳು ಸಾಲಾಗಿ ನಿಂತು ಕೊಕ್ಕಿನಲ್ಲಿ ಹಿಡಿದುಕೊಂಡವು. ಅವೂ ನಿದ್ದೆಹೋದವು ಅನ್ನಿ, ಆದರೆ ಕೊಕ್ಕರೆ ನಿಂತೇ ನಿದ್ದೆ ಮಾಡುತ್ತದಲ್ಲ! ಕೆಂಚ ಕಂಬಿಗೆ ಬಾಯಿಟ್ಟು ಕೂಗಿದ. ಕೂಗು ಮಿಂಚಿನ ಅಲೆಯಾಗಿ ಓಡಿತು. ಆಚೆ ದಡ ಸೇರುವಾಗ ಸೊಳ್ಳೆಯ ದನಿಗಿಂತ ಸಣ್ಣದಾಗಿತ್ತು.

"ನಾವು ಬಲ ತುಂಬ್ತೀವಿ" ಎಂದವು, ನಿದ್ದೆಯೇ ಅರಿಯದ ಕಿಡಿಹುಳಗಳು. ಕಂಬಿಯ ಪಕ್ಕದಲ್ಲೇ ಹಾರಿದವು. ಅಲೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಯ.

"ನಿನ್ನ ಕೂಗು ಕೈಗೇ ಸಿಗಲ್ವಲ್ಲೋ ಕೆಂಚ! ಬಲ ಯಾರಿಗೆ ಕೊಡೋಣ?"

ಕೆಂಚ ತಲೆ ಕೆರೆದುಕೊಂಡ. ಎದುರಿನ ಗುಡ್ಡದಲ್ಲಿ ಕುದುರೆಯೊಂದು ಸುತ್ತುದಾರಿಯಲ್ಲಿ ನಾಗಾಲೋಟದಿಂದ ಓಡುತ್ತಿತ್ತು, ಮೇಕೆಯೊಂದು ನೆಟ್ಟಗೆ ಹತ್ತುತ್ತಿತ್ತು. ಎರಡೂ ಜೊತೆಜೊತೆಗೇ ಮೇಲೇರುತ್ತಿದ್ದವು.

"ಹಾ! ಅಲೆ ಸುತ್ತಿ ಬರಲಿ, ನೀವು ನಡುವೆ ನೆಟ್ಟಗೆ ಬನ್ನಿ!"

ಬಂಡಿಗಟ್ಟಲೆ ಕಂಬಿಯನ್ನು ಲಟ್ಟಣಿಗೆಗೆ ಒತ್ತೊತ್ತಾಗಿ ಸುತ್ತಿ ಸುರುಳಿ ಮಾಡಿ, ಕೊಕ್ಕರೆಗಳ ಕೊಕ್ಕುಗಳಲ್ಲಿ ತೂರಿಸಿದ. ಈ ಸಲ ಅಲೆ ಸುತ್ತಿ ಸುತ್ತಿ ಬಸವನಹುಳುವಾಯಿತು. ಸುರುಳಿಯ ನಡುವೆ ನೆಟ್ಟಗೆ ಹಾರಿದ ಕಿಡಿಹುಳಗಳು ಅದನ್ನು ಎಲ್ಲೋ ಹಿಂದೆ ಬಿಟ್ಟು ಆಚೆ ಬಿದ್ದವು.

"ಬಲ ಹಾಗೇ ಉಳೀತಪ್ಪಾ!"

ಹೊತ್ತು ಮುಳುಗುತ್ತಿತ್ತು. ಆಚೆ ದಡದಲ್ಲಿ ಸಿಂಗಾರಿಯ ಕಾಲ್ಬೆರಳುಗಳು ಆಗಲೇ ಕಲ್ಲಾಗಿದ್ದವು. ಕೆಂಚ ಸುರುಳಿಯನ್ನು ತುಸು ಎಳೆದು ಸಡಿಲಿಸಿದ, ಹುಳಗಳ ಓಟ ಅಲೆಗಿಂತ ಕೂದಲೆಳೆಯಷ್ಟೇ ಚುರುಕಾಗುವ ಹಾಗೆ.

"ಏ ಸಿಂಗಾರೀ, ಎದ್ದೇಳೇ! ನಿನ್ನ ಪಾಲಿನ ಕಡಬೂ ನಾನೇ ತಿಂತೀನಿ!"

ಹುಳಗಳು ಅಲೆಯ ಬೆನ್ನಿಗೆ ಬಿದ್ದು ಸುತ್ತುಸುತ್ತಿಗೂ ತಳ್ಳಿದವು. ಹುಳಗಳು ಸೋತಷ್ಟೂ ಕೂಗು ಕೊಬ್ಬಿತು. ಆಚೆ ದಡದಲ್ಲಿ ಗುಡುಗಾಗಿ ಸಿಡಿಯಿತು.

ಸಿಂಗಾರಿ ದಡಕ್ಕನೆ ಎದ್ದು ಕೂತಳು. "ಮುಟ್ಟಿ ನೋಡು ಅಣ್ಣಾ, ಕೈ ಮುರೀತೀನಿ!"

ಆ ಸದ್ದಿಗೆ ಮಾಂತ್ರಿಕನ ಮೂಗೇ ಉದುರಿತು, ಮೂಗಿನ ಜೊತೆ ಅವನ ಮಾಯೆಯೂ. ಸಿಂಗಾರಿಯ ಕಾಲ್ಬೆರಳುಗಳು ಮತ್ತೆ ಮೆತ್ತಗಾದವು, ಕೆರೆಯ ನಿದ್ದೆಯೂ ಹಾರಿಹೋಯಿತು. ಸಿಂಗಾರಿ ಈಜಿಬಂದು ಅಣ್ಣನನ್ನು ತಬ್ಬಿಕೊಂಡು, ತನ್ನ ಕಡಬಿನಲ್ಲಿ ಅರ್ಧ ಮುರಿದು ಅವನ ಬಾಯಿಗಿಟ್ಟಳು. ಅಂದಿನಿಂದ ತಾಮ್ರಗಿರಿಯವರೆಲ್ಲ ನಗುನಗುತ್ತಾ ಬಾಳಿದರು.

ಎಲ್ಲ ಸತ್ಯ. ಆ ಅರ್ಧ ಕಡಬು ಮಾತ್ರ ನಾನು ಸೇರಿಸಿದ್ದು. ಅವಳು ಚೂರೂ ಕೊಡಲಿಲ್ಲ.