ಎಡಗಡೆಯ ಸೀಟು

ಇದು ಮೂವತ್ತೆಂಟನೆಯ ಇಸವಿಯ ಮಾತು. ಪುಣೆಯಲ್ಲಿ ನನ್ನದು ಕಾಳಿನ ವ್ಯಾಪಾರ. ಊರಿನಿಂದ ಜೊತೆಗೇ ಬಂದ ಗೆಳೆಯ ಕಾಡಪ್ಪನ ಹಳೇ ಸಣ್ಣ ಲಾರಿಯನ್ನು ನಾನು ಕೊಂಡೆ. ಅವನ ಹೆಂಡತಿ ಪಾರವ್ವ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ಹಳೇ ಗಾಡಿ ಕೊಳ್ಳುವವರೆಲ್ಲ ಕೇಳುವುದನ್ನು ನಾನೂ ಕೇಳಿದ್ದೆ. ಕಾಡಪ್ಪ ಕೊರಳಿನ ಲಿಂಗ ಮುಟ್ಟಿ, "ಈ ಗಾಡ್ಯಾಗ ಯಾರೂ ಸತ್ತಿಲ್ಲೋ ಮಲಕಪ್ಪಾ," ಎಂದಿದ್ದ.

ಪ್ರತಿ ರವಿವಾರ ಇಬ್ಬರೂ ಸೇರಿ ರಿಪೇರಿಗೆ ಕೂಡುತ್ತಿದ್ದೆವು. ಹಿಂದಿನ ಹಲಗೆ ಬದಲಿಸಿದೆವು, ಬ್ರೇಕು ಬಿಗಿ ಮಾಡಿದೆವು. ಎಡಗಡೆಯ ಸೀಟಿಗೆ ನಾನೇ ಹೊಸ ತೆಂಗಿನ ನಾರು ತುಂಬಿದೆ. ಮುಂದಿನ ರವಿವಾರ ನೋಡಿದರೆ ವಾರವಿಡೀ ಯಾರೋ ಕೂತಂತೆ ಅದು ತಗ್ಗು ಬಿದ್ದಿತ್ತು. ಕೈಯಿಟ್ಟರೆ ಬೆಚ್ಚಗಿತ್ತು. ಮೂರು ಸಲ ತುಂಬಿದೆ, ಮೂರು ಸಲವೂ ಹಾಗೆಯೇ ಆಯಿತು. ಕಾಡಪ್ಪ ಮಾತ್ರ ಆ ಕಡೆಯ ಬಾಗಿಲನ್ನು ಒಮ್ಮೆಯೂ ಮುಟ್ಟಲಿಲ್ಲ.

ನಾಲ್ಕನೆಯ ರವಿವಾರ ಮಧ್ಯಾಹ್ನ ಅವನು ಹ್ಯಾಂಡಲ್ ತಿರುವಿದ, ಎಂಜಿನ್ ಹಿಡಿಯಿತು. ಖುಷಿಯಲ್ಲಿ ಮೈಮರೆತು ಖಾಲಿ ಸೀಟಿನ ಕಡೆ ನೋಡಿ, "ಪಾರೀ, ಒಂಚೂರು ಸರಿ, ಮಲಕಪ್ಪ ಕೂಡಲಿ," ಎಂದ.

ಸೀಟಿನ ಸ್ಪ್ರಿಂಗು ಕಿರ್ರೆಂದಿತು.

"ಲಿಂಗ ಮುಟ್ಟಿ ಹೇಳಿದ್ದೆಲ್ಲೋ," ಎಂದೆ.

"ಸುಳ್ಳು ಹೇಳಿಲ್ಲ. ಆಕಿ ಸತ್ತಿದ್ದು ದವಾಖಾನ್ಯಾಗ," ಎಂದ ತಲೆ ಎತ್ತದೆ. "ಅಲ್ಲಿಂದ ಮನಿಗೆ ಇದರಾಗ ತಂದೆ. ಎಷ್ಟ್ ಹೇಳಿದ್ರೂ ಇಳೀವಲ್ಲಳು."

ಮರುದಿನವೇ ಅವನು ಊರಿಗೆ ಹೋದ. ಲಾರಿ ಮಾರಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೆಂಡತಿಯನ್ನು ನನ್ನ ಪಾಲಿಗೆ ಬಿಟ್ಟು ಹೋದನಲ್ಲ, ಆ ಸಿಟ್ಟು ಇವತ್ತಿಗೂ ಆರಿಲ್ಲ. ಆ ಸೀಟು ಕಿತ್ತೆಸೆದು ಬರೀ ಹಲಗೆ ಹಾಕಿಸಿದ್ದೇನೆ. ಚಳಿಗಾಲದ ಬೆಳಿಗ್ಗೆ ಇಡೀ ಗಾಡಿ ಕೊರೆಯುತ್ತಿರುತ್ತದೆ. ಆ ಹಲಗೆ ಮಾತ್ರ ಬೆಚ್ಚಗಿರುತ್ತದೆ.